ಸಹಾಯ ಬೇಕು: ಪ್ಲಗ್-ಇನ್ ಹೈಬ್ರಿಡ್ ಕಾರನ್ನು ದಾನ ಕೊಡುವುದು ಯಾರಿಗೆ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡ ಬಂಧುಗಳಿಗೆ ನಮಸ್ಕಾರ. ಪ್ಲಗ್ ಹಾಕಿ ಚಾರ್ಜ್ ಮಾಡಬಹುದಾದ, ವಿದ್ಯುತ್ತು ಮತ್ತು ಪೆಟ್ರೋಲ್ ಎರಡರಲ್ಲೂ ಓಡುವ ನಮ್ಮ 2013ರ ಶೆವ್ರೊಲೆ ವೋಲ್ಟ್ ಕಾರನ್ನು ಮಾರದೆ ದಾನ ಕೊಡಬೇಕೆಂದಿದ್ದೇವೆ. ಎಂಜಿನ್, ಬ್ಯಾಟರಿ ಎರಡೂ ಚೆನ್ನಾಗಿವೆ. ಹಿಂಬದಿಯ ಬಂಪರಿನ ಮೇಲೆ ಗ್ಯಾರೇಜಿನ ಕಂಬಕ್ಕೆ ಉಜ್ಜಿದ ಗೀರು ಇದೆ, ಅಷ್ಟೇ. 120 ವೋಲ್ಟಿನ ಮನೆಯ ಪ್ಲಗ್‌ಗೆ ಹಾಕುವ ಚಾರ್ಜಿಂಗ್ ಕೇಬಲ್ಲನ್ನೂ ಜೊತೆಗೆ ಕೊಡುತ್ತೇವೆ.

ನಾನು ವಿಚಾರಿಸಿದ ಸಂಸ್ಥೆಗಳೆಲ್ಲ ಕಾರನ್ನು ಎಳೆದೊಯ್ದು ಹರಾಜಿಗೆ ಹಾಕುವವೇ. ಹಾಗಾದಾಗ, 500 ಡಾಲರ್‌ಗಿಂತ ಹೆಚ್ಚಿನ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ಹರಾಜಿನಲ್ಲಿ ಬಂದ ಮೊತ್ತವನ್ನು ಮೀರುವಂತಿಲ್ಲ. ಸಂಸ್ಥೆ ತಾನೇ ಬಳಸಿದರೆ, ಇಲ್ಲವೇ ಬಡ ಕುಟುಂಬಕ್ಕೆ ತೀರಾ ಕಡಿಮೆ ಬೆಲೆಗೆ ಕೊಟ್ಟರೆ ಮಾರುಕಟ್ಟೆ ಬೆಲೆಯನ್ನೇ ತೋರಿಸಬಹುದು. ವಾಹನ ದಾನಕ್ಕೆ ಸಂಸ್ಥೆ ಕೊಡುವ 1098-ಸಿ ಎಂಬ ತೆರಿಗೆ ನಮೂನೆಯಲ್ಲಿ ಅದಕ್ಕೆಂದೇ ಜಾಗವಿದೆ. ನಿಜ ಹೇಳಬೇಕೆಂದರೆ ನಮಗೆ ವಿನಾಯಿತಿಯ ಆಸೆಯಿಲ್ಲ, ನಾವು ಪಡೆಯುವುದು ಸ್ಟ್ಯಾಂಡರ್ಡ್ ಡಿಡಕ್ಷನ್ (ದಾನ-ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸದೆ ಪಡೆಯುವ ನಿಗದಿತ ವಿನಾಯಿತಿ). ಕೆಲಸಕ್ಕೆ ಹೋಗಿಬರಲು ವಾಹನವಿಲ್ಲದವರ ಕೈಗೆ ಕೀಲಿ ಸೇರಿದರೆ ಸಾಕು.

ಹೀಗೆ ನೇರವಾಗಿ ಕುಟುಂಬಗಳಿಗೆ ಕೊಡುವ ನೋಂದಾಯಿತ ಸಂಸ್ಥೆ ಸ್ಯಾನ್ ಹೋಸೆಯ ಆಸುಪಾಸಿನಲ್ಲಿದೆಯೇ? ಪ್ಲಗ್-ಇನ್ ಎಂದೊಡನೆ ಹಿಂದೇಟು ಹಾಕುತ್ತಾರೆಯೇ?

ಇನ್ನೊಂದು ಗೊಂದಲ. ಕಾರು ಒಯ್ಯುವ ಏಜೆನ್ಸಿಯೊಂದು ಪಿಂಕ್ ಸ್ಲಿಪ್‌ಗೆ (ಕಾರಿನ ಮಾಲೀಕತ್ವದ ಪತ್ರ) ಸಹಿ ಹಾಕಿ, ಹೊಸ ಮಾಲೀಕರ ಹೆಸರನ್ನು ಖಾಲಿ ಬಿಡಿ ಎನ್ನುತ್ತಿದೆ. ನನಗೇಕೋ ಇದು ಸರಿಕಾಣುತ್ತಿಲ್ಲ. ವರ್ಗಾವಣೆಯನ್ನು 5 ದಿನಗಳೊಳಗೆ ಡಿಎಂವಿಗೆ (ರಾಜ್ಯದ ವಾಹನ ನೋಂದಣಿ ಇಲಾಖೆ) ತಿಳಿಸಬೇಕು, ಅಲ್ಲಿ ಯಾರ ಹೆಸರು ಬರೆಯಲಿ? ಕ್ಯಾಲಿಫೋರ್ನಿಯಾದಲ್ಲಿ ಈಗಾಗಲೇ ಕಾರು ದಾನ ಮಾಡಿದವರು ದಯವಿಟ್ಟು ತಿಳಿಸಿ. ನೋಂದಣಿ ನವೀಕರಣ ಮುಂದಿನ ತಿಂಗಳಿದೆ, ಅದಕ್ಕೆ ಮೊದಲೇ ಮುಗಿಸಬೇಕು.