ಪದಚರ್ಚೆ: ‘ಫ್ಯಾಕ್ಟರಿ ಓವರ್‌ಕ್ಲಾಕ್ಡ್’ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ ಬೇಕು)

ಬಳಗಕ್ಕೆ ನಮಸ್ಕಾರ.

ಕಡಿಮೆ ಬೆಲೆಯ ಗ್ರಾಫಿಕ್ಸ್ ಕಾರ್ಡೊಂದರ ವಿಮರ್ಶೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಿಟಿಎಕ್ಸ್ 1650, ಕಾರ್ಡಿನ ತಯಾರಕರೇ ಓವರ್‌ಕ್ಲಾಕ್ ಮಾಡಿ, ಅಂದರೆ ಚಿಪ್ಪಿನ ಕ್ಲಾಕನ್ನು (ವೇಗವನ್ನು) ನಿಗದಿಗಿಂತ ಏರಿಸಿ, ಮಾರುವ ಮಾದರಿ. ಚಿಪ್ಪಿನ ಕಂಪನಿ ಎನ್‌ವಿಡಿಯಾ ಗೊತ್ತುಮಾಡಿದ ಬೂಸ್ಟ್ ಕ್ಲಾಕ್ (ಕೆಲಸದ ಹೊತ್ತು ಚಿಪ್ಪು ಏರುವ ವೇಗ) 1665 ಮೆಗಾಹರ್ಟ್ಸ್, ಈ ಕಾರ್ಡಿನದು 1740. ಕೋಷ್ಟಕದ ತಲೆಗೆ ಚಿಕ್ಕ ಪದ ಬೇಕು; ಬಳಕೆದಾರ ಆಮೇಲೆ ಮಾಡುವ ಓವರ್‌ಕ್ಲಾಕಿಂಗ್ ಬೇರೆ, ಇದು ಬೇರೆ ಎಂಬುದೂ ಗೊತ್ತಾಗಬೇಕು. ಕರಡಿನಲ್ಲಿ ‘ಕಾರ್ಖಾನಾ ವೇಗವರ್ಧಿತ’ ಎಂದಿದೆ. ಸರಿಯೇ?

*

ಸರಿಯಲ್ಲ. ‘ವೇಗವರ್ಧನೆ’ ಆಗಲೇ ಹಾರ್ಡ್‌ವೇರ್ ಆಕ್ಸಿಲರೇಶನ್‌ಗೆ (ಒಂದು ಕೆಲಸವನ್ನು ಅದಕ್ಕೆಂದೇ ಇರುವ ಚಿಪ್ಪಿಗೆ ವಹಿಸುವುದಕ್ಕೆ) ಸಂದುಹೋಗಿದೆ. ಅದೇ ವಿಮರ್ಶೆಯಲ್ಲಿ ವಿಡಿಯೊ ಡಿಕೋಡಿಂಗ್ ಮಾತು ಬಂದರೆ ಗೊಂದಲ ಖಂಡಿತ. ‘ಅತಿಓಟ’ ಹಾಕಿ.

*

> ‘ಅತಿಓಟ’ ಹಾಕಿ.

ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಕೂಡಿಸಿದ ತಪ್ಪು ಜೋಡಿ. ಮುಂದೆ ಹೋಗೋಣ.

‘ಮೀರೋಟ’ ಇದೆಯಲ್ಲ! ಕಾರ್ಖಾನೆಯೂ ಬೇಡ, ಅದು ಪಾರಸಿ. ‘ಹುಟ್ಟುಮೀರೋಟದ ಕಾರ್ಡು’. ಹುಟ್ಟುಗುಣ ಇದ್ದಮೇಲೆ ಹುಟ್ಟುಮೀರೋಟಕ್ಕೇನು ಅಡ್ಡಿ?

*

ಮೊದಲು ಕಾರ್ಡಿನಲ್ಲಿ ಏನಾಗಿದೆ ನೋಡಿ, ಸಮಾಸ ಆಮೇಲೆ.

ತಯಾರಕರು ಮಾಡಿದ್ದು ಇಷ್ಟೇ: ಕಾರ್ಡಿನ ಬಯೋಸ್‌ನಲ್ಲಿ (ಒಳಗಿನ ಮೂಲ ತಂತ್ರಾಂಶದಲ್ಲಿ) ಬೂಸ್ಟ್ ಕ್ಲಾಕನ್ನು 75 ಮೆಗಾಹರ್ಟ್ಸ್, ಅಂದರೆ ಶೇ. 4.5ರಷ್ಟು, ಮೇಲಕ್ಕೆ ಇಟ್ಟಿದ್ದಾರೆ. ಅಗ್ಗದ ಕಾರ್ಡುಗಳಲ್ಲಿ ಮೆಮೊರಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ಜಿಡಿಡಿಆರ್5 ಎಂಬ ಬಗೆಯ ಮೆಮೊರಿ ಇರುವ ಮಾದರಿಯಲ್ಲಿ ಮೆಮೊರಿಯ ವೇಗ ಸೆಕೆಂಡಿಗೆ 128 ಗಿಗಾಬೈಟ್ ಇದ್ದದ್ದು ಹಾಗೇ ಉಳಿಯುತ್ತದೆ. ಸೆಕೆಂಡಿಗೆ 60 ಫ್ರೇಮ್ ಬರುತ್ತಿದ್ದ ಆಟಕ್ಕೆ ಬಹಳವೆಂದರೆ 62-63 ಬಂದೀತು, ಮೆಮೊರಿಯ ವೇಗ ಸಾಲದ ಆಟದಲ್ಲಿ ಅದೂ ಇಲ್ಲ.

‘ಮೀರೋಟ’ ಕೆಡುವುದು ಇಲ್ಲೇ. ವಿದ್ಯುತ್ತಿಗೂ ಬಿಸಿಗೂ ಆಸ್ಪದವಿದ್ದರೆ ಓಸಿ (ಓವರ್‌ಕ್ಲಾಕ್ ಮಾಡಿದ್ದು) ಅಲ್ಲದ ಸಾದಾ ಕಾರ್ಡೂ ಬರೆದ ಅಂಕಿಯನ್ನು ಮೀರಿ ಓಡುತ್ತದೆ. ಎನ್‌ವಿಡಿಯಾದ ಬೂಸ್ಟ್ ಇರುವುದೇ ಹಾಗೆ. ಇತ್ತ ಆರು ಪಿನ್ನಿನ ಪವರ್ ಕನೆಕ್ಟರ್ ಇಲ್ಲದ ಓಸಿ ಕಾರ್ಡು ಮದರ್‌ಬೋರ್ಡಿನ ಸ್ಲಾಟು ಕೊಡುವ 75 ವಾಟ್‌ನಲ್ಲೇ ಸುಧಾರಿಸಬೇಕು. ಆ ಮಿತಿ ತಾಗಿತೆಂದರೆ ಕ್ಲಾಕ್ ತಾನಾಗಿ ಇಳಿಯುತ್ತದೆ, ಎರಡೂ ಕಾರ್ಡು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಮೀರಿದ್ದು ಯಾವುದು?

ಏರಿಸಿದ್ದು ಮಾತ್ರ ನಿಜ. ‘ತಯಾರಕರೇ ಕ್ಲಾಕ್ ಏರಿಸಿದ ಕಾರ್ಡು’ ಎನ್ನಿ, ಕೋಷ್ಟಕಕ್ಕೆ ‘ಏರಿಸಿದ ಕ್ಲಾಕ್’ ಸಾಕು. ಬಳಕೆದಾರ ಮಾಡುವುದಕ್ಕೆ ‘ಏರಿಸಿಕೊಂಡ ಕ್ಲಾಕ್’. ನೀವು ಕೇಳಿದ ವ್ಯತ್ಯಾಸವನ್ನು ‘ಕೊಳ್ಳು’ ಒಂದೇ ತೋರಿಸುತ್ತದೆ, ಹೊಸ ಪದ ಬೇಕಿಲ್ಲ.

ಜೊತೆಗೆ ‘ನಿಂತ ಕ್ಲಾಕ್’ (ಕೊನೆಗೆ ನೆಲೆನಿಂತ ವೇಗ) ಎಂಬ ಕಂಬಸಾಲನ್ನೂ ಸೇರಿಸಲು ವಿಮರ್ಶಕರಿಗೆ ಹೇಳಿ. ಕ್ಯಾಬಿನೆಟ್ ಮುಚ್ಚಿ 20 ನಿಮಿಷ ಭಾರದ ಆಟ ಓಡಿಸಿ, ಕ್ಲಾಕ್, ವಾಟ್, ಬಿಸಿ ಮೂರನ್ನೂ ಲಾಗ್ ಮಾಡಿ, ಕೊನೆಯ 5 ನಿಮಿಷದ ಸರಾಸರಿ ಕೊಡಬೇಕು. ಮೊದಲ ನಿಮಿಷದ ಅಂಕಿ ತಣ್ಣಗಿರುವ ಚಿಪ್ಪಿನದು, ನಂಬುವಂತಿಲ್ಲ.

*

ಆಯಿತು, ಕ್ರಿಯಾಪದ ಕನ್ನಡದ್ದು. ಆದರೆ ‘ಕ್ಲಾಕ್’ ಉಳಿಸಿಕೊಂಡು ಏರಿಸಿದರೇನು, ಇಳಿಸಿದರೇನು? ‘ಮಿಡಿತ’ ಇಲ್ಲವೇ? ಇಂಥ ಕಡೆ ಸೋತೇ ಕನ್ನಡ ಬರೀ ಪ್ರತ್ಯಯಗಳ ಭಾಷೆಯಾಗಿರುವುದು.

*

‘ಮಿಡಿತ’ ಕೇಳಲು ಚೆಂದ. ಓದುಗನ ಪರದೆಯ ಮೇಲೆ ‘ಕೋರ್ ಕ್ಲಾಕ್’, ‘ಮೆಮೊರಿ ಕ್ಲಾಕ್’ ಎಂದೇ ಇರುತ್ತದೆ. ಮಿಡಿತವನ್ನು ಎಲ್ಲಿ ಹುಡುಕಲಿ ಅವನು? ಪಾರಸಿಯೆಂದು ಕಾರ್ಖಾನೆ ಮುಚ್ಚಿಸಿದವರು ಜಮೀನು, ದರ್ಜಿ, ಅರ್ಜಿ ಎಲ್ಲವನ್ನೂ ಹೊರಗೆ ಹಾಕಲಿ, ನೋಡೋಣ.

ಇನ್ನು ಅರಿಸಮಾಸ. ಬಿರುದಾವಳಿಯಲ್ಲಿ ಅದಕ್ಕೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಡಬ್ಬಿಯ ಮೇಲಿನ ‘ಓಸಿ’ ಬಿರುದಲ್ಲದೆ ಮತ್ತೇನು?

*

‘ಏರಿಸಿದ ಕ್ಲಾಕ್’ ಹಾಕಿದೆ, ‘ನಿಂತ ಕ್ಲಾಕ್’ ಬಗ್ಗೆ ವಿಮರ್ಶಕರಿಗೂ ಬರೆದೆ. ಹಾಗಾದರೆ ‘ಥರ್ಮಲ್ ಥ್ರಾಟ್ಲಿಂಗ್’ಗೆ?

*

‘ಬಿಸಿಯಿಳಿತ’ ಎನ್ನಬೇಡಿ, ಬಿಸಿಯೇ ಇಳಿದಂತಾಗುತ್ತದೆ. ‘ಬಿಸಿಗೆ ಕ್ಲಾಕ್ ಇಳಿಯುವುದು’. ಚರ್ಚೆ ಬೇಕಿದ್ದರೆ ಬೇರೆ ಎಳೆ ತೆರೆಯಿರಿ.