ಪದಚರ್ಚೆ: ‘ಉಳಿ’, ‘ಬದುಕುಳಿ’, ‘ಪಾರಾಗು’ – ನಂಗಾ ಪರ್ಬತ, 1934

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಚಾರಣಾಸಕ್ತರ ಸಣ್ಣ ಸಂಚಿಕೆಯೊಂದಕ್ಕಾಗಿ 1934ರ ನಂಗಾ ಪರ್ಬತ ದುರಂತದ ಬಗ್ಗೆ ಬರೆಯುತ್ತಿದ್ದೇನೆ. ಬರಹ ಮುಕ್ಕಾಲು ಪಾಲು ಮುಗಿದಿದೆ. ಆದರೆ ‘ಉಳಿ’ ಎಂಬ ಒಂದೇ ಕ್ರಿಯಾಪದ ಹದಿನೈದು ದಿನಗಳಿಂದ ನನ್ನನ್ನು ಮುಂದೆ ಹೋಗಲು ಬಿಟ್ಟಿಲ್ಲ. ತೊಡಕನ್ನು ವಿವರಿಸಬೇಕಾದರೆ ನಡೆದದ್ದನ್ನು ಸ್ವಲ್ಪ ಹೇಳಲೇಬೇಕು.

ಆಗ ಬ್ರಿಟಿಷರ ಅಧೀನದಲ್ಲಿದ್ದ ಕಾಶ್ಮೀರ ಸಂಸ್ಥಾನದ ಗಡಿಯಲ್ಲಿದ್ದ, 8126 ಮೀಟರ್ ಎತ್ತರದ ಈ ಪರ್ವತಕ್ಕೆ ವಿಲಿ ಮೆರ್ಕ್ಲ್ ಅವರ ನಾಯಕತ್ವದಲ್ಲಿ ಜರ್ಮನ್ ತಂಡವೊಂದು ಬಂದಿತ್ತು. ಜುಲೈ ಮೊದಲ ವಾರದಲ್ಲಿ 5 ಮಂದಿ ಯುರೋಪಿಯನ್ ಆರೋಹಿಗಳೂ ಡಾರ್ಜಿಲಿಂಗಿನಿಂದ ಬಂದ 11 ಮಂದಿ ಹೊರೆಯಾಳುಗಳೂ ‘ಬೆಳ್ಳಿ ಜೀನು’ ಎಂದು ಕರೆಯುವ ಕಣಿವೆದಾರಿಯನ್ನು ದಾಟಿ, ಸುಮಾರು 7500 ಮೀಟರ್ ಎತ್ತರದಲ್ಲಿ ಎಂಟನೆಯ ಶಿಬಿರ ಹೂಡಿದರು. 7ರಂದು ಬಿರುಗಾಳಿ ಅವರನ್ನು ಡೇರೆಗಳಲ್ಲೇ ಕೂಡಿಹಾಕಿತು, 8ರಂದು ಇಳಿಯತೊಡಗಿದರು. ಇಳಿಯುವ ದಾರಿಯಲ್ಲಿ ಮೆರ್ಕ್ಲ್, ವೆಲ್ಜೆನ್‌ಬಾಖ್, ವೀಲಾಂಡ್ ಮತ್ತು 6 ಮಂದಿ ಹೊರೆಯಾಳುಗಳು ತೀರಿಕೊಂಡರು. ಕೊನೆಗೆ ಮೆರ್ಕ್ಲ್, ಹೊರೆಯಾಳುಗಳಾದ ಗೇಲೇ, ಆಂಗ್ ತ್ಸೆರಿಂಗ್ ಮೂವರೇ ಹಿಮದಲ್ಲಿ ತೋಡಿದ ಗವಿಯೊಂದರಲ್ಲಿ ರಾತ್ರಿ ಕಳೆದರು. 14ರಂದು ಆಂಗ್ ತ್ಸೆರಿಂಗ್ ಒಬ್ಬರೇ, ವಾರಕಾಲ ಹೊಟ್ಟೆಗೆ ಸರಿಯಾದ ಆಹಾರವಿಲ್ಲದೆ, ಸೆಟೆದ ಕಾಲುಗಳಲ್ಲಿ ಇಳಿದು ನಾಲ್ಕನೆಯ ಶಿಬಿರ ಮುಟ್ಟಿದರು. ಗೇಲೇ ಮೆರ್ಕ್ಲ್ ಅವರ ಬಳಿಯಲ್ಲೇ ನಿಂತರು. ಅವರಿಬ್ಬರ ದೇಹಗಳು 1938ರಲ್ಲಿ ಸಿಕ್ಕವು.

ಇದನ್ನು ಕನ್ನಡದಲ್ಲಿ ಬರೆಯುವಾಗ ಎರಡು ವಾಕ್ಯಗಳು ತಾವಾಗಿಯೇ ಬಂದವು: ‘ಗೇಲೇ ಮೇಲೆಯೇ ಉಳಿದರು.’ ಮುಂದಿನ ಪುಟದಲ್ಲಿ, ‘ಮೂವರಲ್ಲಿ ಆಂಗ್ ತ್ಸೆರಿಂಗ್ ಒಬ್ಬರೇ ಉಳಿದರು.’ ಎರಡೂ ಶುದ್ಧ ಕನ್ನಡ, ಎರಡೂ ಸಹಜ. ಆದರೆ ಒಂದೇ ಕ್ರಿಯಾಪದ ಒಬ್ಬರ ಸಾವಿಗೂ ಇನ್ನೊಬ್ಬರ ಬದುಕಿಗೂ ನಿಂತುಬಿಟ್ಟಿದೆ: ಉಳಿದವರು ಉಳಿಯಲಿಲ್ಲ, ಉಳಿಯದವರು ಉಳಿದರು. ಇಂಥ ಸಾವಿನ ಎದುರಿನಲ್ಲಿ ಪದಚಮತ್ಕಾರ ಮಾಡಿದ ಹಾಗೆ ಓದುಗರಿಗೆ ಕೇಳಿಸಬಾರದು ಎಂಬುದು ನನ್ನ ಕಾಳಜಿ.

ಈ ಇಬ್ಬಗೆ ನಮ್ಮ ದಿನಬಳಕೆಯಲ್ಲೇ ಇದೆ. ‘ನೆಂಟರು ರಾತ್ರಿ ಉಳಿದುಕೊಂಡರು’ ಎನ್ನುತ್ತೇವೆ. ‘ಜ್ವರ ಬಿಟ್ಟಿತು, ಕೂಸು ಉಳಿದುಕೊಂಡಿತು’ ಎಂದೂ ಹೇಳುತ್ತೇವೆ. ಮನೆಯ ಮಾತಿನಲ್ಲಿ ಸಂದರ್ಭವೇ ಅರ್ಥವನ್ನು ಬಿಡಿಸಿ ಕೊಡುತ್ತದೆ. ನನ್ನ ಬರಹದಲ್ಲಿ ಸಂದರ್ಭವೇ ಎರಡು ಅರ್ಥಗಳನ್ನು ಒಂದರ ಮೇಲೊಂದು ತಂದು ನಿಲ್ಲಿಸಿದೆ.

ಪತ್ರಿಕೆಗಳ ‘ಬದುಕುಳಿದವರು’ ಮೊದಲು ಸುಲಭವಾಗಿ ಕಂಡಿತು. ಕಟ್ಟಡ ಕುಸಿದಾಗ, ಬಸ್ಸು ಉರುಳಿದಾಗ ಅದು ಒಪ್ಪುವ ಪದ. ಏಕೆಂದರೆ ಅಲ್ಲಿ ಕ್ಷಣಾರ್ಧದಲ್ಲಿ ಅನಾಹುತ ನಡೆದು, ಸತ್ತವರನ್ನು ಕಳೆದರೆ ಮಿಕ್ಕವರು ಇವರು ಎಂಬ ಲೆಕ್ಕ ಇರುತ್ತದೆ. ‘ಉಳಿಕೆ’, ‘ಉಳಿತಾಯ’, ‘ಅಳಿದುಳಿದ’ ಮುಂತಾದವುಗಳಲ್ಲಿರುವ ಮಿಕ್ಕುವಿಕೆಯ ಅರ್ಥವೇ ಇಲ್ಲಿಯೂ ಮುಂದೆ ಬರುತ್ತದೆ. ಆದರೆ ಆಂಗ್ ತ್ಸೆರಿಂಗ್ ಮಿಕ್ಕಿದವರಲ್ಲ. ಆರು ದಿನಗಳ ಕಾಲ, ಮರಗಟ್ಟಿದ ಕಾಲುಗಳನ್ನು ಒಂದೊಂದಾಗಿ ಮುಂದಿಟ್ಟು, ಮೇಲೆ ಇನ್ನೂ ಜನರಿದ್ದಾರೆ ಎಂಬ ಸುದ್ದಿಯನ್ನು ಹೊತ್ತು ಇಳಿದವರು. ಕಾಲ್ಬೆರಳುಗಳು ಹೋದವು; ಆದರೂ 2002ರವರೆಗೆ ಬಾಳಿದರು. ಅವರ ಆ ಇಳಿತ ಒಂದು ಕೆಲಸ, ದೇಹದ ಕಟ್ಟಕಡೆಯ ಕಸುವನ್ನೂ ಬೇಡಿದ ಕೆಲಸ. ‘ಬದುಕುಳಿದರು’ ಎಂದ ಕೂಡಲೇ ಆ ಕೆಲಸ ಪದದೊಳಗಿಂದ ಮಾಯವಾಗುತ್ತದೆ.

‘ಪಾರಾದರು’ ಇನ್ನೂ ಹಗುರ. ‘ಕೂದಲೆಳೆಯ ಅಂತರದಲ್ಲಿ ಪಾರಾದ’ ಎಂಬ ಬಳಕೆ ಆ ಪದಕ್ಕೆ ಎಷ್ಟು ಅಂಟಿಕೊಂಡಿದೆಯೆಂದರೆ, ಈಗ ಅದರಲ್ಲಿ ಅದೃಷ್ಟದ ಧ್ವನಿಯೇ ಹೆಚ್ಚು. ಆಚೆ ದಡ ಎಂಬ ಅದರ ಮೂಲದ ಅರ್ಥ ಇಲ್ಲಿಗೆ ಚೆನ್ನಾಗಿ ಹೊಂದುತ್ತಿತ್ತು. ಇಂದಿನ ಓದುಗರ ಕಿವಿಗೆ ಆ ಹೊಳೆಯೂ ಆ ದಡವೂ ಕೇಳಿಸುವುದಿಲ್ಲ. ‘ಬಚಾವಾದರು’ ಆಡುಮಾತಿಗೆ ಸರಿ, ಈ ಬರಹಕ್ಕಲ್ಲ.

ನನಗೆ ಈವರೆಗೆ ಹಿಡಿಸಿರುವುದು ನಮ್ಮ ಹಳ್ಳಿಯ ಕಡೆ ಹಿರಿಯರು ಹೇಳುತ್ತಿದ್ದ ‘ಸತ್ತು ಬದುಕಿ ಬಂದ’ ಎಂಬ ಮಾತು. ಅದರಲ್ಲಿ ಸಾವಿನ ಒಳಹೊಕ್ಕು ಬಂದದ್ದೂ ಇದೆ, ಊರಿಗೆ ಮರಳಿದ್ದೂ ಇದೆ. ಆದ್ದರಿಂದ ಸದ್ಯಕ್ಕೆ ‘ಆಂಗ್ ತ್ಸೆರಿಂಗ್ ಬದುಕಿ ಬಂದರು’ ಎಂದು ಬರೆದಿದ್ದೇನೆ. ‘ಬರು’ ಎಂಬ ಪದ ಇಳಿದ ದಾರಿಯನ್ನು ಕಣ್ಣಿಗೆ ತರುತ್ತದೆ. ಕೊರತೆಯೆಂದರೆ, ಇದರಿಂದ ನಾಮಪದ ಸಲೀಸಾಗಿ ಹುಟ್ಟುವುದಿಲ್ಲ. ‘ಬದುಕಿ ಬಂದವರ ಹೇಳಿಕೆಗಳು’ ನಡೆಯುತ್ತದೆ. ‘ಬದುಕುಳಿಯುವಿಕೆ’ಗೆ ಬದಲಾಗಿ ಏನು ಹೇಳುವುದು? ‘ಅಳಿವು–ಉಳಿವು’ ಎಂಬ ಜೋಡಿಯಿಂದ ‘ಉಳಿವು’ ತೆಗೆದುಕೊಂಡರೆ, ಅದು ಕುಲಕ್ಕೋ ಭಾಷೆಗೋ ಒಪ್ಪುವಷ್ಟು ಒಬ್ಬ ಮನುಷ್ಯನ ಕಾಲಿಗೂ ಉಸಿರಿಗೂ ಒಪ್ಪುವುದಿಲ್ಲ.

ಗೇಲೇ ಅವರ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ‘ಉಳಿದುಕೊಂಡರು’ ಎಂದರೆ ಇಳಿಯಬಹುದಾಗಿದ್ದರೂ ತಾವೇ ಮನಸ್ಸು ಮಾಡಿ ನಿಂತರು ಎಂದಾಗುತ್ತದೆ. ‘ಉಳಿದುಹೋದರು’ ಎಂದರೆ ಮೈಯಲ್ಲಿ ಕಸುವಿಲ್ಲದೆ ಅಲ್ಲೇ ಆಗಿಹೋದರು ಎಂದಾಗುತ್ತದೆ. ಒಡೆಯನನ್ನು ಬಿಟ್ಟು ಬಾರದ ನಿಷ್ಠಾವಂತ ಸೇವಕ ಎಂಬುದಾಗಿಯೇ ಅವರ ಕಥೆ ಯುರೋಪಿನಲ್ಲಿ ಪ್ರಸಿದ್ಧವಾಯಿತು. ಆದರೆ ಅಷ್ಟು ದಿನ ಹಸಿದ ದೇಹ ಇಳಿಯಲಾರದೆ ನಿಂತಿತು ಎಂದು ಓದಿದರೂ ಅಸಂಗತವಲ್ಲ. ನಮ್ಮ ಸಹಾಯಕ ಕ್ರಿಯಾಪದವೇ ಇಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪು ಕೊಡುವ ಹಕ್ಕು ನನಗಿಲ್ಲವೆಂದು ‘ಮೆರ್ಕ್ಲ್ ಅವರ ಬಳಿಯಲ್ಲೇ ನಿಂತರು’ ಎಂದು ಬರೆದೆ; ‘ನಿಲ್ಲು’ ಪದದಲ್ಲಿ ಇಚ್ಛೆಗೂ ಜಾಗವಿದೆ, ಅಶಕ್ತಿಗೂ ಜಾಗವಿದೆ.

ಇದರ ಜೊತೆಗೆ ಒಂದು ಮಾತು. ಮೊದಲ ಕರಡಿನಲ್ಲಿ ನನಗರಿವಿಲ್ಲದೆಯೇ ಮೆರ್ಕ್ಲ್ ‘ಅವರು’ ಆಗಿದ್ದರು, ಗೇಲೇ ‘ಅವನು’ ಆಗಿದ್ದ. ಸಾಹೇಬರು–ಕೂಲಿಗಳು ಎಂಬ ಆ ಕಾಲದ ವಿಂಗಡಣೆ ಇಂಗ್ಲಿಷಿನ ಸರ್ವನಾಮದಲ್ಲಿ ಕಾಣುವುದಿಲ್ಲ. ಕನ್ನಡದಲ್ಲಿ ಅದನ್ನು ನಾನೇ ಮತ್ತೆ ಹುಟ್ಟಿಸಿದ್ದೆ. ಅದನ್ನು ಕಂಡಾಗ ನಿಜಕ್ಕೂ ನಾಚಿಕೆಯಾಯಿತು. ಈಗ ಎಲ್ಲರಿಗೂ ಬಹುವಚನವೇ. ‘ಕೂಲಿ’ ನಮ್ಮಲ್ಲಿ ಮೊದಲಿಗೆ ದುಡಿಮೆಯ ಸಂಬಳ, ಆಮೇಲೆ ಮನುಷ್ಯ; ಆದ್ದರಿಂದ ಅದನ್ನೂ ಬಿಟ್ಟು ‘ಹೊರೆಯಾಳು’ ಎಂದು ಇಟ್ಟುಕೊಂಡಿದ್ದೇನೆ.

ಇನ್ನೊಂದು ಉದಾಹರಣೆಯಿಂದ ನನ್ನ ಪ್ರಶ್ನೆ ಸ್ಪಷ್ಟವಾಗಬಹುದು. ಅದೇ ಬಿರುಗಾಳಿಯಿಂದ ಇಳಿದು ಬಂದ ಇನ್ನೊಬ್ಬ ಹೊರೆಯಾಳು ಪಾಸಾಂಗ್ ಕಿಕುಲಿ, 1939ರಲ್ಲಿ ಕೆ2 ಪರ್ವತದ ಮೇಲೆ ಸಿಕ್ಕಿಕೊಂಡಿದ್ದ ಡಡ್ಲಿ ವುಲ್ಫ್ ಎಂಬ ಅಮೆರಿಕನ್ ಆರೋಹಿಯನ್ನು ಕರೆತರಲು ಸಂಗಡಿಗರೊಡನೆ ಮತ್ತೆ ಹತ್ತಿದವರು ಮರಳಲಿಲ್ಲ. ಅವರನ್ನು ‘1934ರಲ್ಲಿ ಬದುಕುಳಿದವರು’ ಎಂದು ಪರಿಚಯಿಸಲು ನನ್ನ ಕೈ ಬರುತ್ತಿಲ್ಲ. ‘1934ರಲ್ಲಿ ಬದುಕಿ ಬಂದವರು’ ಎಂದರೆ ಮುಂದೆ ಮರಳಿ ಬಾರದೆ ಹೋದದ್ದನ್ನು ಅದೇ ಕ್ರಿಯಾಪದದಿಂದ ಹೇಳಬಹುದು.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು: ಮಲೆನಾಡು, ಕರಾವಳಿ, ಬಯಲುಸೀಮೆ ಎಲ್ಲಿಯದಾದರೂ ಸರಿ, ಕಾಡಿನಲ್ಲೋ ಹೊಳೆಯಲ್ಲೋ ಕಡಲಲ್ಲೋ ದಿನಗಟ್ಟಲೆ ಸೆಣಸಿ ಜೀವ ಹಿಡಿದುಕೊಂಡು ಮರಳಿದವರನ್ನು ನಿಮ್ಮ ಮನೆಗಳಲ್ಲಿ ಯಾವ ಮಾತಿನಿಂದ ಹೇಳುತ್ತಿದ್ದರು? ‘ಬದುಕಿ ಬರು’ ಎಂಬುದಕ್ಕೆ ನಿಮ್ಮಲ್ಲಿ ರೂಢಿಯ ನಾಮಪದವೇನಾದರೂ ಇದೆಯೇ? ಕೇಳಿದ ವಾಕ್ಯವನ್ನು, ಸಾಧ್ಯವಾದರೆ, ಇಡಿಯಾಗಿಯೇ ಬರೆದು ತಿಳಿಸಿ.