ಮೊರೊಕ್ಕೊದಲ್ಲಿ ಅಸಲಿ ರಿಯಾದ್ ಮನೆಯನ್ನು ಗುರುತಿಸುವುದು ಹೇಗೆ?

ಶಹಾಬಾದಿ ಕಲ್ಲು, ಕಲಬುರಗಿ

ನಮಸ್ಕಾರ. ಬರುವ ನವೆಂಬರಿನಲ್ಲಿ ನಾನು, ನನ್ನ ಪತ್ನಿ ಮತ್ತು ಎಪ್ಪತ್ತು ದಾಟಿದ ತಾಯಿ ಮೊರೊಕ್ಕೊಗೆ ಹೊರಟಿದ್ದೇವೆ. ಮರಾಕೇಶಿನಲ್ಲಿ ಮೂರು ರಾತ್ರಿ, ಫೆಸ್‌ನಲ್ಲಿ ನಾಲ್ಕು ರಾತ್ರಿ ಇರುತ್ತೇವೆ. ಹಳೆಯ ಊರಿನೊಳಗಿನ ರಿಯಾದ್, ಅಂದರೆ ನಡುಅಂಗಳದ ಸಾಂಪ್ರದಾಯಿಕ ಮನೆಯಲ್ಲೇ ತಂಗಬೇಕೆಂಬ ಆಸೆಯಿದೆ. ಆದರೆ ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲ ಮನೆಗಳೂ ‘ಅಸಲಿ’ಯೇ, ಎಲ್ಲದರಲ್ಲೂ ಹಿತ್ತಾಳೆಯ ದೀಪ, ಗುಲಾಬಿ ಪಕಳೆ ತೇಲುವ ನೀರು. ನಾನು ಹುಟ್ಟಿ ಬೆಳೆದದ್ದು ನಡುಅಂಗಳದ ವಾಡೆಯಲ್ಲಿ. ಅದನ್ನು ಕೆಡವಿದಾಗ ಮಾರಿದ ಸಾಗುವಾನಿ ಕಂಬಗಳು ಹೆದ್ದಾರಿಯ ಧಾಬಾ ಒಂದರಲ್ಲಿ ‘ಪುರಾತನ’ವಾಗಿ ನಿಂತಿರುವುದನ್ನು ಕಂಡ ಮೇಲೆ ಇಂಥ ಮಾತುಗಳ ಮೇಲೆ ನನಗೆ ಅನುಮಾನ ಹೆಚ್ಚು. ಇಲ್ಲಿ ಕುಳಿತೇ ಪರೀಕ್ಷಿಸುವ ಬಗೆ ಯಾವುದು? ನಾವು ಸಸ್ಯಾಹಾರಿಗಳು, ತಾಯಿಗೆ ಮೊಣಕಾಲು ನೋವಿದೆ.

ಚೌಬಾರಾ, ಬೀದರ್

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ರಿಯಾದ್ ಎಂಬ ಅರಬ್ಬಿ ಪದಕ್ಕೆ ತೋಟ ಎಂಬ ಅರ್ಥವಿದೆ. ಅಂಗಳದ ನಡುವೆ ಕಾರಂಜಿ, ಒಂದನ್ನೊಂದು ಅಡ್ಡಹಾಯುವ ಎರಡು ಕಾಲುದಾರಿ, ಅವುಗಳಿಂದಾದ ನಾಲ್ಕು ಪಾತಿಗಳಲ್ಲಿ ಕಿತ್ತಳೆ ಅಥವಾ ನಿಂಬೆ ಗಿಡ ಇದ್ದರೆ ಅದು ಮೂಲ ಅರ್ಥದ ರಿಯಾದ್. ಗಿಡವಿಲ್ಲದ ಚಿಕ್ಕ ಅಂಗಳದ ಮನೆಗೆ ‘ದಾರ್’ ಎನ್ನುತ್ತಾರೆ. ಜಾಗ ಇಕ್ಕಟ್ಟಾದ ಫೆಸ್‌ನಲ್ಲಿ ಎತ್ತರದ ದಾರ್‌ಗಳೇ ಹೆಚ್ಚು. ವ್ಯಾಪಾರಕ್ಕಾಗಿ ಎರಡನ್ನೂ ರಿಯಾದ್ ಎಂದೇ ಕರೆಯುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ, ದಾರ್ ಕೂಡ ಅಷ್ಟೇ ಹಳೆಯದಾಗಿರಬಹುದು. ಅಂಗಳದಲ್ಲಿ ಈಜುಕೊಳವಿದ್ದರೆ ಮಾತ್ರ ಅದು ಪ್ರವಾಸಿಗರಿಗಾಗಿ ಈಚೆಗೆ ತೋಡಿದ್ದೆಂದು ತಿಳಿಯಿರಿ.

ನಾನು ನೋಡುವುದು ಕೋಣೆಯ ಆಕಾರವನ್ನು. ಮಾಳಿಗೆಯನ್ನು ಹೊರುವ ದೇವದಾರು ತೊಲೆಯ ಉದ್ದಕ್ಕೆ ಮಿತಿಯಿರುವುದರಿಂದ ಹಳೆಯ ಕೋಣೆಗಳು ಉದ್ದವಾಗಿ, ಕಿರಿದಾಗಿ ಇರುತ್ತವೆ. ಕಿಟಕಿಗಳು ಅಂಗಳಕ್ಕೆ ತೆರೆದು, ಬೀದಿಗೆ ಬರೀ ಗೋಡೆ ಕಾಣುತ್ತದೆ. ವಿಶಾಲವಾದ ಚೌಕ ಕೋಣೆ ಕಂಡರೆ ನಡುಗೋಡೆ ಒಡೆದಿದ್ದೀರಾ ಎಂದು ಕೇಳಿ. (ನಮ್ಮ ಕಡೆಯ ಮಸೀದಿಗಳಲ್ಲೂ ಅಂಗಳ ಸಾಮಾನ್ಯವೇ; ನಿಮ್ಮೂರ ಕೋಟೆಯ 1367ರ ಜಾಮಿ ಮಸೀದಿಯೊಂದು ಅಂಗಳವೇ ಇಲ್ಲದೆ ಪೂರ್ತಿ ಛಾವಣಿ ಹೊದ್ದು ನಿಂತಿದೆ.)

ಎರಡನೆಯದು ಝೆಲ್ಲೀಜ್, ಅಂದರೆ ಮೆರುಗು ಹೆಂಚನ್ನು ಚೂಪು ಸುತ್ತಿಗೆಯಿಂದ ಒಂದೊಂದಾಗಿ ಕಡಿದು ಜೋಡಿಸಿದ ಬಿಲ್ಲೆಗಳ ಕೆಲಸ. ನಮ್ಮ ಬೀದರಿನ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ನೀಲಿ ಬಿಲ್ಲೆಗಳನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಿಲ್ಲೆಯ ಅಂಚು ತುಸು ಒರಟಾಗಿರುತ್ತದೆ, ಒಂದೇ ಹಸಿರು ನಾಲ್ಕು ಛಾಯೆಗಳಲ್ಲಿ ಕಾಣುತ್ತದೆ, ಅಡ್ಡ ಬೆಳಕಿನಲ್ಲಿ ಮೇಲ್ಮೈ ಸಣ್ಣಗೆ ಏರಿಳಿಯುತ್ತದೆ. ಕಾರ್ಖಾನೆಯ ಅಚ್ಚಿನ ಹೆಂಚಾದರೆ ಚಿತ್ತಾರದ ನಡುವೆ ಗೇಣಿಗೊಂದು ನೇರ ಚೌಕದ ಗೆರೆ ಎದ್ದು ಕಾಣುತ್ತದೆ. ಸ್ನಾನದ ಮನೆಯಲ್ಲಿ ತದೆಲಕ್ತ್ ಗಾರೆಯನ್ನು ನೋಡಿ: ಸುಣ್ಣದ ಗಾರೆಯನ್ನು ನುಣುಪು ಕಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸಾಬೂನು ಸವರಿ ನೀರು ಹಿಡಿಯದಂತೆ ಮಾಡಿರುತ್ತಾರೆ. ಅಸಲಿಯಲ್ಲಿ ಮೋಡದಂಥ ಛಾಯೆ, ಕೂದಲೆಳೆಯ ಬಿರುಕು ಇರುತ್ತದೆ. ಎಲ್ಲೆಡೆ ಒಂದೇ ಬಣ್ಣವಿದ್ದರೆ ಅದು ಪೇಂಟು. ಅಲಂಕಾರದ ಚಿತ್ರಗಳನ್ನು ಬದಿಗಿಟ್ಟು, ಗೋಡೆಯ ಮೂಲೆ, ಮೆಟ್ಟಿಲು, ಬಚ್ಚಲುಗಳ ಚಿತ್ರಗಳನ್ನೇ ಕೇಳಿ ತರಿಸಿಕೊಳ್ಳಿ.

ಭೀಮಾತೀರ, ಯಾದಗಿರಿ

ಮೇಲಿನವರ ಪರೀಕ್ಷೆಗಳಲ್ಲಿ ಪಾಸಾದ ಮನೆಯಲ್ಲೇ ನಾನು ಮೂರು ದಿನ ನಡುಗಿದ್ದೇನೆ, ಆದ್ದರಿಂದ ಬೇರೆ ಮಾತು ಹೇಳುತ್ತೇನೆ. ತೆರೆದ ಅಂಗಳವು ಬೇಸಿಗೆಗೆ ಸುಖ, ಚಳಿಗೆ ಶಿಕ್ಷೆ. ಫೆಸ್‌ನಲ್ಲಿ ನವೆಂಬರಿನ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು, ಕೋಣೆ ಕಾಯಿಸುವ ವ್ಯವಸ್ಥೆ ಇದೆಯೇ ಎಂದು ಬರೆದು ಕೇಳಿ. ಮೆಟ್ಟಿಲುಗಳು ಕಡಿದಾಗಿ, ಒಂದೊಂದು ಮೊಣಕಾಲೆತ್ತರಕ್ಕೆ ಇರುತ್ತವೆ, ಲಿಫ್ಟ್ ನಿರೀಕ್ಷಿಸಬೇಡಿ. ತಾಯಿಯವರಿಗೆ ಅಂಗಳದ ಮಟ್ಟದ ಕೋಣೆಯೇ ಬೇಕೆಂದು, ಆ ಕೋಣೆಯ ಹೆಸರನ್ನೇ ಬರೆಸಿ ಕಾಯ್ದಿರಿಸಿ. ನಾನು ಹೆಸರು ಬರೆಸದ ತಪ್ಪಿಗೆ, ಚಿತ್ರದಲ್ಲಿ ಕಂಡ ಮನೆಯನ್ನು ಬಿಟ್ಟು ಎರಡು ಓಣಿ ಆಚೆಯ ಇನ್ನೊಂದು ಕಟ್ಟಡದಲ್ಲಿ ಮಲಗಬೇಕಾಯಿತು.

ಫೆಸ್‌ನ ಹಳೆಯ ಊರಿಗೆ ಕಾರು ಹೋಗುವುದಿಲ್ಲ. ಟ್ಯಾಕ್ಸಿ ಕೋಟೆಬಾಗಿಲಿನ ಬಳಿ ನಿಲ್ಲುತ್ತದೆ, ಮುಂದೆ ಸಾಮಾನು ಕೈಗಾಡಿಯಲ್ಲಿ, ನೀವು ನಡೆದು. ಬಾಗಿಲಿನಿಂದ ಎಷ್ಟು ನಿಮಿಷದ ನಡಿಗೆ, ಕರೆದೊಯ್ಯಲು ಯಾರು ಬರುತ್ತಾರೆ ಎಂಬುದನ್ನು ಮುಂಚೆಯೇ ತಿಳಿದುಕೊಳ್ಳಿ. ದಾರಿಯಲ್ಲಿ ಯಾರಾದರೂ ‘ಆ ಮನೆ ಮುಚ್ಚಿದೆ’ ಎಂದರೆ ನಂಬಬೇಡಿ. ಮರಾಕೇಶಿನ ಮನೆಯವರಿಗೆ 2023ರ ಸೆಪ್ಟೆಂಬರಿನ ಭೂಕಂಪದ ನಂತರ ಏನೇನು ದುರಸ್ತಿಯಾಗಿದೆ ಎಂದು ಕೇಳಿ. ಪ್ರವಾಸಿ ತೆರಿಗೆಯನ್ನು ತಲೆಗೆ, ರಾತ್ರಿಗೆ ಇಷ್ಟೆಂದು ಬಾಡಿಗೆಯ ಹೊರಗೆ ವಸೂಲಿ ಮಾಡುವುದು ಸಾಮಾನ್ಯ.

ಊಟದ ವಿಷಯದಲ್ಲಿ ‘ತರಕಾರಿ ಕುಸ್ಕುಸ್’ ಎಂಬ ಹೆಸರನ್ನು ನಂಬಿ ಕೂರಬೇಡಿ, ಮಾಂಸದ ರಸದಲ್ಲೇ ಬೇಯಿಸಿರಬಹುದು. ಒಣ ಬಾಕಲಾ ಅವರೆಯ ಗಟ್ಟಿ ಸಾರಾದ ಬಿಸ್ಸಾರಾ ಮತ್ತು ಬದನೆಕಾಯಿಯ ಝಾಲೂಕ್ ಕೇಳಿ. ಝಾಲೂಕ್ ಜೊತೆಗೆ ನಾವು ಒಯ್ದಿದ್ದ ಖಡಕ್ ರೊಟ್ಟಿ ಮುರಿದುಕೊಂಡು ತಿಂದಾಗ ಅಡುಗೆಯಾಕೆಯೇ ಬಂದು ಒಂದು ಚೂರು ಕೇಳಿ ರುಚಿ ನೋಡಿದಳು.

ಶಹಾಬಾದಿ ಕಲ್ಲು, ಕಲಬುರಗಿ

ಇಬ್ಬರಿಗೂ ಕೃತಜ್ಞತೆಗಳು. ಫೆಸ್‌ನ ಮೂರು ಮನೆಗಳಿಗೆ ಬರೆದಿದ್ದೆ. ಒಬ್ಬರು ಉತ್ತರಿಸಲಿಲ್ಲ, ಇನ್ನೊಬ್ಬರು ಮತ್ತೆ ಗುಲಾಬಿ ಪಕಳೆಯ ಚಿತ್ರವನ್ನೇ ಕಳಿಸಿದರು. ಮೂರನೆಯವರು ತಮ್ಮದು ರಿಯಾದ್ ಅಲ್ಲ, ದಾರ್ ಎಂದು ತಾವಾಗಿ ತಿಳಿಸಿ, ಅಂಗಳಕ್ಕೆ ಹೊಂದಿದ ಕೆಳಗಿನ ಕೋಣೆಯ ಚಿತ್ರ ಕಳಿಸಿದ್ದಾರೆ. ಬಾಗಿಲ ಪಕ್ಕದ ಝೆಲ್ಲೀಜ್‌ನಲ್ಲಿ ಮೂರು ಬಿಲ್ಲೆ ಉದುರಿ, ಆ ಜಾಗಕ್ಕೆ ಸುಣ್ಣ ಮೆತ್ತಿದೆ. ನಾಳೆ ಮುಂಗಡ ಕಟ್ಟುತ್ತೇನೆ.